1978ರ ‘ಹ್ಯಾಲೋವೀನ್’ ಮತ್ತು 2007ರ ರೀಮೇಕ್: ಭಯ ಎಲ್ಲಿ ಕರಗಿತು?

ಪ್ರಶ್ನೆ:
ಜಾನ್ ಕಾರ್ಪೆಂಟರ್ ಅವರ 1978ರ ‘ಹ್ಯಾಲೋವೀನ್’ ಚಿತ್ರವನ್ನು ಶನಿವಾರ ರಾತ್ರಿಯೂ ರಾಬ್ ಝಾಂಬಿ ಅವರು 2007ರಲ್ಲಿ ಮಾಡಿದ ಅದರ ರೀಮೇಕನ್ನು ಭಾನುವಾರ ರಾತ್ರಿಯೂ ನೋಡಿದೆ. ಹೊಸದರಲ್ಲಿ ರಕ್ತವೂ ಕೊಲೆಗಳೂ ಬಹಳ ಹೆಚ್ಚು. ಆದರೂ ದೀಪ ಆರಿಸಲು ಅಂಜಿಕೆಯಾದದ್ದು ಶನಿವಾರವೇ. ಎರಡನ್ನೂ ನೋಡಿದ್ದು ಇದೇ ಮೊದಲಾದ್ದರಿಂದ ಇದು ಹಳೆಯದರ ಮೇಲಿನ ಮೋಹವಲ್ಲ. ಕಾರಣವೇನಿರಬಹುದು?

ಉತ್ತರ 1:
ರೀಮೇಕ್ ಕೊಲೆಗಾರನಿಗೊಂದು ಬಾಲ್ಯವನ್ನು ಕೊಟ್ಟಿತು. ನನ್ನ ಮಟ್ಟಿಗೆ ಭಯ ಕರಗಿದ್ದು ಅಲ್ಲಿಯೇ. ಮೂಲ ಚಿತ್ರದಲ್ಲಿ ಆರು ವರ್ಷದ ಮೈಕೆಲ್ ಅಕ್ಕನನ್ನು ಕೊಂದು ಮನೆಯ ಹೊರಗೆ ಬಂದಾಗ ಅವನ ಮುಖವಾಡವನ್ನು ಯಾರೋ ಎಳೆಯುತ್ತಾರೆ, ಒಳಗಿರುವುದು ಏನನ್ನೂ ಹೇಳದ ಒಂದು ಎಳೆಯ ಮುಖ. ಝಾಂಬಿ ಅವರಾದರೋ ಜಗಳಗಂಟ ಮನೆ, ಶಾಲೆಯಲ್ಲಿ ಪೀಡಿಸುವ ಹುಡುಗರು, ಆಸ್ಪತ್ರೆಯಲ್ಲಿ ಅವನು ಮಾಡಿಕೊಳ್ಳುವ ಕಾಗದದ ಮುಖವಾಡಗಳು ಎಂದು ಕಾರಣಗಳನ್ನು ಒಂದೊಂದಾಗಿ ಪೋಣಿಸುತ್ತಾರೆ. ಆ ಹುಡುಗನ ಬಗ್ಗೆ ಮರುಕ ಹುಟ್ಟುತ್ತದೆ, ಮತ್ತು ಮರುಕ ಹುಟ್ಟಿದವನಿಗೆ ನಾವು ಹಿಂದಿನಂತೆ ಹೆದರಲಾರೆವು.

ಮೂಲದಲ್ಲಿ ನಾಯಕಿ ಲಾರಿ ಎಂಬ ಹುಡುಗಿ ಬಾಗಿಲಿನ ಪಕ್ಕ ಒರಗಿ ಅಳುತ್ತಿರುವಾಗ ಹಿಂದಿನ ಕತ್ತಲ ಕೋಣೆಯಲ್ಲಿ ಬಿಳಿಯ ಮುಖವಾಡವೊಂದು ಮೆಲ್ಲಗೆ ಮೂಡುವುದನ್ನು ಮತ್ತೊಮ್ಮೆ ನೋಡಿ. ಛಾಯಾಗ್ರಾಹಕ ಡೀನ್ ಕಂಡೀ ಆ ಮುಖದ ಮೇಲಿನ ಬೆಳಕನ್ನು ನಿಧಾನವಾಗಿ ಏರಿಸಿದ್ದಾರೆ, ಅಷ್ಟೆ. ಆ ಮುಖವಾಡವೂ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಪಾತ್ರವಾದ ಕ್ಯಾಪ್ಟನ್ ಕರ್ಕ್‌ನದು, ಅಗ್ಗಕ್ಕೆ ಕೊಂಡು ಬಿಳಿ ಬಣ್ಣ ಬಳಿದದ್ದು.

ಉತ್ತರ 2:
ಬಾಲ್ಯದ ಕಥೆಯೊಂದೇ ಕಾರಣವೆಂದು ನಾನು ಒಪ್ಪಲಾರೆ. ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಎಂಬ ಇನ್ನೊಂದು ಭಯಾನಕ ಚಿತ್ರವನ್ನು ನೋಡಿ: ಅದರ 1974ರ ಮೂಲಕ್ಕೂ 2003ರ ರೀಮೇಕಿಗೂ ಛಾಯಾಗ್ರಾಹಕರು ಒಬ್ಬರೇ, ಡೇನಿಯಲ್ ಪರ್ಲ್. ಹೊಸದರಲ್ಲಿ ಪ್ರತಿಯೊಂದು ನೆರಳೂ ಅಚ್ಚುಕಟ್ಟಾಗಿದೆ. ಹಳೆಯದು 16 ಎಂಎಂ ಫಿಲ್ಮಿನಲ್ಲಿ, 1973ರ ಬಿರುಬೇಸಗೆಯಲ್ಲಿ ತೆಗೆದದ್ದಾದ್ದರಿಂದ ನಟರ ಬೆವರು, ದಣಿವು ಎರಡೂ ನಿಜವೇ. ಅದರ ಮೊದಲ ಕೊಲೆ ನಡೆಯುವುದು ಹಾಡಹಗಲಲ್ಲಿ: ಹುಡುಗನೊಬ್ಬ ಮನೆಯೊಳಗೆ ಹೋಗುತ್ತಾನೆ, ಸುತ್ತಿಗೆಯ ಏಟು ಬೀಳುತ್ತದೆ, ಲೋಹದ ಬಾಗಿಲು ಧಡಾರೆಂದು ಮುಚ್ಚಿಕೊಳ್ಳುತ್ತದೆ. ಸಿದ್ಧರಾಗಲು ನಮಗೆ ಕ್ಷಣವೂ ಸಿಗುವುದಿಲ್ಲ. ಈಗಿನ ರೀಮೇಕುಗಳು ಹೆದರಿಸುವ ಮೊದಲು ಸಂಗೀತದಿಂದ ಮುನ್ಸೂಚನೆ ಕೊಟ್ಟುಬಿಡುತ್ತವೆ. ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ ಅದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಮಾತು ಓದಿ ಎರಡರ ಕೊನೆಯನ್ನೂ ಮತ್ತೆ ನೋಡಿದೆ. ಝಾಂಬಿ ಅವರ ಚಿತ್ರ ಗುಂಡಿನ ಸದ್ದು ಮತ್ತು ಲಾರಿಯ ಚೀರಾಟದಲ್ಲಿ ಮುಗಿಯುತ್ತದೆ. ಕಾರ್ಪೆಂಟರ್ ಅವರದರಲ್ಲಿ ಗುಂಡು ತಿಂದು ಮಹಡಿಯಿಂದ ಬಿದ್ದವನು ಹುಲ್ಲಿನ ಮೇಲಿಂದ ಕಾಣೆಯಾಗಿದ್ದಾನೆ. ಆಮೇಲೆ ಮೆಟ್ಟಿಲು, ಬರಿದಾದ ಕೋಣೆಗಳು, ಮನೆಗಳ ಮುಂಭಾಗ ಒಂದರ ನಂತರ ಒಂದು ಬರುತ್ತವೆ, ಎಲ್ಲಿಯೂ ಯಾರೂ ಇಲ್ಲ, ಮುಖವಾಡದೊಳಗಿನ ಉಸಿರು ಮಾತ್ರ ಕೇಳುತ್ತಲೇ ಇರುತ್ತದೆ. ಶನಿವಾರ ನಾನು ದೀಪ ಆರಿಸದಿದ್ದುದು ಆ ಉಸಿರಿಗಾಗಿ.