ಹಳೇ ನೈಟ್ರೋ ಆರ್‌ಸಿ ಕಾರು ಕೈಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಕೇಳಿದ್ದು: ಪರಿಚಯದವರೊಬ್ಬರು ವರ್ಷಗಟ್ಟಲೆ ಅಟ್ಟದ ಮೇಲಿಟ್ಟಿದ್ದ 1/8 ಸ್ಕೇಲಿನ ನೈಟ್ರೋ ಬಗ್ಗಿಯನ್ನು (ರಿಮೋಟಿನಿಂದ ಓಡಿಸುವ, ಇಂಧನದ ಎಂಜಿನ್ ಇರೋ ಮಾಡೆಲ್ ಕಾರು) ನನಗೆ ದಾಟಿಸಿದ್ದಾರೆ. .21 ಎಂಜಿನ್ (0.21 ಘನ ಇಂಚು, ಅಂದರೆ ಸುಮಾರು 3.5 ಸಿಸಿ), ಹಗ್ಗ ಎಳೆದು ಸ್ಟಾರ್ಟ್ ಮಾಡುವ ಥರದ್ದು. ಜೊತೆಗೆ ಅರ್ಧ ಕ್ಯಾನ್ ಇಂಧನ, ಹಳೇ ರಿಮೋಟು. ಬ್ಯಾಟರಿ ಕಾರು ಬಿಟ್ಟು ನಾನು ಬೇರೇನೂ ಓಡಿಸಿದವನಲ್ಲ. ಅನುಭವ ಇದ್ದವರು ತಿಳಿಸಿ.

ಉತ್ತರ: ಮೊದಲು ಆ ಅರ್ಧ ಕ್ಯಾನ್ ಇಂಧನದ ಆಸೆ ಬಿಡಿ. ಅದರಲ್ಲಿರೋದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಮೆಥನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಹಳಸಿದ ಇಂಧನ ಹಾಕಿ ಟ್ಯೂನ್ ಮಾಡೋಕೆ ಕೂತರೆ ತಪ್ಪು ಎಂಜಿನ್ನಿನದೋ ಇಂಧನದ್ದೋ ತಿಳಿಯೋದೇ ಇಲ್ಲ. ಹೊಸದು ತರುವಾಗ ಕಾರಿಗೆ ಅಂತಲೇ ಮಾಡಿದ್ದನ್ನು ಕೇಳಿ ತನ್ನಿ, 20% ನೈಟ್ರೋ ಇದ್ದರೆ ಸಾಕು. ಮಾಡೆಲ್ ವಿಮಾನದ ಇಂಧನದಲ್ಲಿ ಸಾಮಾನ್ಯವಾಗಿ ಎಣ್ಣೆ ಹೆಚ್ಚು, ನೈಟ್ರೋ ಕಡಿಮೆ. ಕಾರಿಗೆ ಅದು ಹೊಂದಲ್ಲ.

ಎರಡನೇದು, ಹಗ್ಗಕ್ಕೆ ಈಗಲೇ ಕೈ ಹಾಕಬೇಡಿ. ಗ್ಲೋ ಪ್ಲಗ್ (ಹೆಡ್ ಮೇಲಿರುವ, ಇಂಧನ ಹೊತ್ತಿಸುವ ಪ್ಲಗ್) ಬಿಚ್ಚಿ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲನ್ನು ಬೆರಳಲ್ಲಿ ತಿರುಗಿಸಿ ನೋಡಿ. ಒಳಗೆ ಉಳಿದ ಹರಳೆಣ್ಣೆ ವರ್ಷಗಳಲ್ಲಿ ಗೋಂದಿನ ಹಾಗೆ ಗಟ್ಟಿಯಾಗಿ ಪಿಸ್ಟನ್ನನ್ನು ಹಿಡಿದಿಟ್ಟಿರಬಹುದು. ಆಗ ಹಗ್ಗ ಎಳೆದರೆ ಎಂಜಿನ್ ತಿರುಗಲ್ಲ, ಪುಲ್ ಸ್ಟಾರ್ಟರ್ ಮುರಿಯುತ್ತೆ. ಪ್ಲಗ್ ತೂತಿನೊಳಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಕೆಲವು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮಾರನೇ ದಿನ ಕೂದಲು ಒಣಗಿಸುವ ಡ್ರೈಯರಿನಿಂದ ಹೆಡ್ ಬಿಸಿ ಮಾಡಿ ಮೆಲ್ಲಗೆ ತಿರುಗಿಸಿ. ಇಕ್ಕಳ ಹಾಕಿ ಬಲವಂತ ಮಾಡಬೇಡಿ. ಬಿಟ್ಟುಕೊಂಡ ಮೇಲೆ ಬೇರಿಂಗಿನ ಸದ್ದು ಕೇಳಿ. ಗರಗರ ಅಂದರೆ ತುಕ್ಕು ಹಿಡಿದಿದೆ, ಓಡಿಸುವ ಮೊದಲೇ ಬದಲಾಯಿಸಬೇಕು.

ಆಮೇಲೆ ಪ್ಲಗ್ ಹಾಕಿ ಮತ್ತೆ ತಿರುಗಿಸಿ. ಪಿಸ್ಟನ್ ಮೇಲ್ತುದಿಗೆ ಬಂದಾಗ ಬಿಗಿ ಸಿಗಬೇಕು. ಸಲೀಸಾಗಿ ದಾಟಿಹೋದರೆ ಪಿಸ್ಟನ್ ಮತ್ತು ಅದು ಓಡಾಡುವ ಕೊಳವೆ, ಅಂದರೆ ಸ್ಲೀವ್, ಸವೆದಿವೆ ಅಂತ ಲೆಕ್ಕ. ಅಂಥ ಎಂಜಿನ್ನು ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆದರೂ ಬಿಸಿಯಾದ ಮೇಲೆ ಆಫ್ ಆಗಿ ಮತ್ತೆ ಏಳಲ್ಲ. ಬಳಸಿದ ನೈಟ್ರೋ ಕಾರಿನ ನಿಜವಾದ ಬೆಲೆ ಇರೋದು ಈ ಬಿಗಿಯಲ್ಲಿ. ಬಾಡಿ ಮೇಲಿನ ಗೀರು, ಸವೆದ ಟೈರು ಎಲ್ಲಾ ಆಮೇಲಿನ ಮಾತು.

ಉತ್ತರ: ಮೇಲಿನವರು ಎಂಜಿನ್ ನೋಡಿಕೊಂಡರು, ನಾನು ರೇಡಿಯೋ ಬಗ್ಗೆ ಹೇಳ್ತೀನಿ. ಬ್ಯಾಟರಿ ಕಾರಿನ ಅಭ್ಯಾಸ ಇರೋರು ಇದನ್ನೇ ಉದಾಸೀನ ಮಾಡೋದು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಮುಗಿದರೆ ಕಾರು ನಿಲ್ಲುತ್ತೆ. ನೈಟ್ರೋದಲ್ಲಿ ಬ್ಯಾಟರಿ ಇರೋದು ರಿಸೀವರಿಗೆ ಮತ್ತು ಸರ್ವೋಗಳಿಗೆ (ಸ್ಟೀರಿಂಗ್, ಥ್ರಾಟಲ್ ಅಲುಗಿಸುವ ಪುಟ್ಟ ಮೋಟಾರುಗಳು) ಮಾತ್ರ, ಅದು ಸತ್ತರೂ ಎಂಜಿನ್ ಓಡ್ತಾನೇ ಇರುತ್ತೆ. ಥ್ರಾಟಲ್ ತೆರೆದಿದ್ದಾಗ ಹೀಗಾದರೆ ಪೂರ್ತಿ ವೇಗದಲ್ಲಿ ಕೈತಪ್ಪಿದ ಕಾರು, ಎದುರಿಗೆ ಯಾರಿದ್ದಾರೆ ಅಂತ ಅದು ನೋಡಲ್ಲ.

ಹಾಗಾಗಿ ಥ್ರಾಟಲ್ ಲಿಂಕೇಜಿಗೆ ಥ್ರಾಟಲನ್ನು ತಾನಾಗಿ ಮುಚ್ಚುವ ಒಂದು ರಿಟರ್ನ್ ಸ್ಪ್ರಿಂಗ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿ. ರಿಮೋಟು ಹರಳು (ಕ್ರಿಸ್ಟಲ್) ಹಾಕುವ 27 ಮೆಗಾಹರ್ಟ್ಸ್ ಕಾಲದ್ದಾದರೆ ಎತ್ತಿಟ್ಟು, ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ಕಾರನ್ನು ಸುರಕ್ಷಿತ ಸ್ಥಿತಿಗೆ ತರುವ ವ್ಯವಸ್ಥೆ) ಇರುವ 2.4 ಗಿಗಾಹರ್ಟ್ಸ್ ಸೆಟ್ ಕೂರಿಸಿ. ಫೇಲ್‌ಸೇಫ್ ಇದ್ದರೆ ಸಾಲದು, ಬ್ರೇಕ್ ಹಿಡಿಯೋ ಹಾಗೆ ನೀವೇ ಸೆಟ್ ಮಾಡಬೇಕು. ಎಂಜಿನ್ ಆಫ್ ಇದ್ದಾಗಲೇ ರಿಮೋಟ್ ಆಫ್ ಮಾಡಿ ಪರೀಕ್ಷಿಸಿ. ಆದರೆ ಕಾರಿನೊಳಗಿನ ಬ್ಯಾಟರಿಯೇ ಪೂರ್ತಿ ಸತ್ತರೆ ಸರ್ವೋ ಅಲುಗಲ್ಲ, ಆಗ ಕಾಪಾಡೋದು ಆ ಸ್ಪ್ರಿಂಗ್ ಒಂದೇ. ಸ್ವಿಚ್ ಹಾಕುವಾಗ ರಿಮೋಟ್ ಮೊದಲು, ಕಾರು ಆಮೇಲೆ. ಆರಿಸುವಾಗ ಇದರ ತಿರುಗುಮುರುಗು.

ತುರ್ತಿಗೆ ಎಂಜಿನ್ ನಿಲ್ಲಿಸಲು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಮುಚ್ಚಿ. ಬರಿಗೈಲಿ ಬೇಡ. ಇನ್ನೊಂದು ಮಾತು: ಮೆಥನಾಲಿಗೆ ಹೊತ್ತಿದ ಬೆಂಕಿ ಹಗಲು ಹೊತ್ತಲ್ಲಿ ಕಣ್ಣಿಗೆ ಕಾಣೋದೇ ಕಷ್ಟ. ಒಳಗೆ ಹೋದರೆ ಕಣ್ಣೇ ಹೋಗುವಂಥ ವಿಷ, ಚರ್ಮದ ಮೂಲಕವೂ ಇಳಿಯುತ್ತೆ. ಇಂಧನ ತುಂಬಿಸೋದು, ಸ್ಟಾರ್ಟ್ ಮಾಡೋದು ಎಲ್ಲಾ ಬಯಲಲ್ಲೇ ಆಗಲಿ, ಮಕ್ಕಳಿಗೆ ಎಟುಕದ ಕಡೆ ಕ್ಯಾನ್ ಇಡಿ.

ಉತ್ತರ: ಟ್ಯೂನಿಂಗಿಗೆ ಬರೋಣ, ಜನ ಬೇಸತ್ತು ಕಾರು ಮಾರೋದು ಇಲ್ಲೇ. ಕಾರ್ಬುರೇಟರಿನಲ್ಲಿ ಇಂಧನ ಹೊಂದಿಸುವ ಹೈ ಸ್ಪೀಡ್ ನೀಡಲ್, ಲೋ ಸ್ಪೀಡ್ ನೀಡಲ್, ಥ್ರಾಟಲ್ ಬಿಟ್ಟಾಗಿನ ನಿಧಾನದ ಓಟಕ್ಕೆ ಐಡಲ್ ಸ್ಕ್ರೂ, ಇಷ್ಟೇ ಇರೋದು. ನೀಡಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಇಂಧನ ಕಡಿಮೆ, ಅದು ಲೀನ್. ಎದುರು ದಿಕ್ಕಿಗೆ ತಿರುಗಿಸಿದರೆ ರಿಚ್. ಇದು ಟೂ ಸ್ಟ್ರೋಕ್, ಎಣ್ಣೆ ಬರೋದೂ ಇಂಧನದ ಜೊತೆಗೇ. ಲೀನ್ ಮಾಡಿದಷ್ಟೂ ಕಾರು ಚುರುಕಾಗಿ ಓಡುತ್ತೆ, ಅದೇ ಹೊತ್ತಿಗೆ ಒಳಗೆ ಎಣ್ಣೆ ಕಡಿಮೆಯಾಗಿ ಬಿಸಿ ಏರುತ್ತಿರುತ್ತೆ. ಎಂಜಿನ್ ಸುಡುವ ಮುಂಚೆ ಅತ್ಯಂತ ಚೆನ್ನಾಗಿ ಓಡುತ್ತೆ ಅಂತ ಹಳಬರು ಹೇಳೋದು ತಮಾಷೆಗಲ್ಲ.

ಮಾಡೆಲ್ ಹೆಸರು ಹುಡುಕಿ ಮ್ಯಾನ್ಯುಯಲ್ ತೆಗೆಯಿರಿ, ಕಂಪನಿ ಹೇಳಿದ ನೀಡಲ್ ಸುತ್ತುಗಳಿಂದ ಶುರು ಮಾಡಿ. ಸ್ವಲ್ಪ ರಿಚ್ ಇದ್ದರೇ ಒಳ್ಳೇದು. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಹೈ ಸ್ಪೀಡ್ ನೀಡಲನ್ನು ಒಂದು ಸಲಕ್ಕೆ 1/8 ಸುತ್ತಿಗಿಂತ ಹೆಚ್ಚು ತಿರುಗಿಸದೆ ಹೊಂದಿಸುತ್ತಾ ಹೋಗಿ. ಪೂರ್ತಿ ಥ್ರಾಟಲಿನಲ್ಲಿ ಹಿಂದೆ ತೆಳು ನೀಲಿ ಹೊಗೆಯ ಗೆರೆ ಕಾಣಲೇಬೇಕು. ಲೋ ಸ್ಪೀಡಿಗೆ ಹೀಗೆ ಮಾಡಿ: ಎಂಜಿನ್ ಐಡಲಿನಲ್ಲಿದ್ದಾಗ ಇಂಧನದ ಟ್ಯೂಬನ್ನು ಬೆರಳಲ್ಲಿ ಒತ್ತಿಹಿಡಿಯಿರಿ. 2–4 ಸೆಕೆಂಡಿನಲ್ಲಿ ಸದ್ದು ತುಸು ಏರಿ ಎಂಜಿನ್ ನಿಂತರೆ ಸರಿ. ತಕ್ಷಣ ನಿಂತರೆ ಲೀನ್, ಎಳೆದಾಡಿಕೊಂಡು ಬಹಳ ಹೊತ್ತು ಓಡಿದರೆ ರಿಚ್. ತಾಪಮಾನದ ಗನ್ ಇದ್ದರೆ ಗ್ಲೋ ಪ್ಲಗ್ ಹತ್ತಿರ 100–120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಲಿ. ಆದರೆ ಅಂಕಿ ಹಿಡಿಯೋಕೆ ಅಂತ ಟ್ಯೂನ್ ಮಾಡಬೇಡಿ, ಗನ್ ಇರೋದು ಎಚ್ಚರಿಕೆಗೆ.

ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ತುಸು ಬದಲಾದರೆ ಗಾಬರಿ ಬೇಡ, ಗಾಳಿ ತಣ್ಣಗಾದರೆ ದಟ್ಟವಾಗುತ್ತೆ, ಇಂಧನವೂ ಅಷ್ಟು ಹೆಚ್ಚು ಬೇಕು. ಆದರೆ ಐದು ನಿಮಿಷಕ್ಕೊಮ್ಮೆ ಟ್ಯೂನ್ ಜಾರುತ್ತಿದ್ದರೆ, ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಕಿರುಚುತ್ತಿದ್ದರೆ, ನೀಡಲಿನ ತಪ್ಪಲ್ಲ, ಎಲ್ಲೋ ಗಾಳಿ ಸೇರುತ್ತಿದೆ. ಹಳೇ ಕಾರಲ್ಲಿ ಇದು ಬಹಳ ಸಾಮಾನ್ಯ. ಇಂಧನದ ಟ್ಯೂಬು, ಸೈಲೆನ್ಸರಿನಿಂದ ಟ್ಯಾಂಕಿಗೆ ಬರೋ ಪ್ರೆಶರ್ ಟ್ಯೂಬು ಎರಡನ್ನೂ ಕಣ್ಣು ಮುಚ್ಚಿ ಬದಲಾಯಿಸಿ. ಟ್ಯಾಂಕನ್ನು ಖಾಲಿ ಮಾಡಿ, ತೊಳೆದು, ನೀರಲ್ಲಿ ಮುಳುಗಿಸಿ, ಒಂದು ತೂತು ಮುಚ್ಚಿ ಇನ್ನೊಂದಕ್ಕೆ ಟ್ಯೂಬ್ ಸಿಕ್ಕಿಸಿ ಸಣ್ಣ ಪಂಪಿನಿಂದ ಗಾಳಿ ತಳ್ಳಿ. ಗುಳ್ಳೆ ಬಂದರೆ ಮುಚ್ಚಳದ ರಬ್ಬರ್ ಹೋಗಿದೆ. ಕಾರ್ಬುರೇಟರ್ ಬುಡದ ಓ-ರಿಂಗನ್ನೂ ನೋಡಿ.

ಉತ್ತರ: ಏರ್ ಫಿಲ್ಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಹಳೇ ಫೋಮ್ ಮುಟ್ಟಿದರೆ ಪುಡಿಯಾಗುತ್ತೆ, ಆ ಪುಡಿ ಹೋಗೋದು ಎಂಜಿನ್ನಿಗೇ. ಹೊಸ ಫೋಮಿಗೆ ಫಿಲ್ಟರ್ ಎಣ್ಣೆ ಹಚ್ಚಿ ಹಾಕಿ. ಓಡಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ಉಳಿದದ್ದನ್ನು ಎಂಜಿನ್ ಓಡಿಸಿಯೇ ಮುಗಿಸಿ, ಪ್ಲಗ್ ತೂತಿಗೆ ಆಫ್ಟರ್ ರನ್ ಎಣ್ಣೆ (ಓಡಿಸಿದ ಮೇಲೆ ಒಳಗೆ ತುಕ್ಕು ಹಿಡಿಯದಂತೆ ಹಾಕುವ ಎಣ್ಣೆ) ಕೆಲವು ಹನಿ. ಪಿಸ್ಟನ್ ಕೆಳತುದಿಯಲ್ಲಿರುವಂತೆ ನಿಲ್ಲಿಸಿ, ಇಲ್ಲದಿದ್ದರೆ ತಣ್ಣಗಾಗುವಾಗ ಸ್ಲೀವ್ ಅದನ್ನು ಕಚ್ಚಿಕೊಳ್ಳುತ್ತೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಪ್ಲಗ್ ತೆಗೆದು ತಿರುಗಿಸಿದೆ, ಬೇರಿಂಗ್ ಸದ್ದಿಲ್ಲ. ಪ್ಲಗ್ ಹಾಕಿದರೆ ಮಾತ್ರ ಒಂದು ಕಡೆ ಜೋರಾಗಿ ಹಿಡಿದು, ಕೀಂಯ್ ಅಂತ ದಾಟುತ್ತೆ. ಏನಾದರೂ ಹಾಳಾಗಿದೆಯಾ?

ಉತ್ತರ: ಇಲ್ಲ ಸ್ವಾಮಿ, ಅದೃಷ್ಟವಂತರು ನೀವು. ಸ್ಲೀವ್ ಮೇಲ್ಗಡೆ ಕಿರಿದಾಗಿರುತ್ತೆ, ಬಿಸಿಯಾದಾಗ ಹಿಗ್ಗಿ ಸರಿಯಾಗಿ ಕೂರಲಿ ಅಂತ. ಎಂಜಿನ್ ಬಿಚ್ಚೋಕೆ ಹೋಗಬೇಡಿ. ಸ್ಟಾರ್ಟ್ ಮಾಡುವ ಮುನ್ನ ಹೆಡ್ ಚೆನ್ನಾಗಿ ಬಿಸಿ ಮಾಡಿಕೊಳ್ಳಿ, ಹಗ್ಗವನ್ನು ಪೂರ್ತಿ ಹೊರಗೆಳೆಯದೆ ಚುರುಕಾಗಿ, ಗಿಡ್ಡಗೆ ಎಳೆಯಿರಿ. ಎಳೆಯುತ್ತಾ ಇದ್ದಾಗ ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಂತರೆ ಒಳಗೆ ಇಂಧನ ತುಂಬಿಕೊಂಡಿದೆ. ಪ್ಲಗ್ ಬಿಚ್ಚಿ, ಮುಖ ದೂರ ಇಟ್ಟುಕೊಂಡು, ಕಾರನ್ನು ಬೋರಲು ಹಾಕಿ ಎಳೆದರೆ ಹೊರಗೆ ಚಿಮ್ಮುತ್ತೆ. ಒರೆಸಿ, ಪ್ಲಗ್ ಹಾಕಿ, ಮತ್ತೆ ಶುರು ಮಾಡಿ.