ಫರ್ಗುಸನ್ ಟಿಇಡಿ20: ಬಿಸಿಯಾದ ಮೇಲೆ ಕಿಡಿ ಸಾಯ್ತದೆ, ಕಂಡೆನ್ಸರ್ ಎರಡು ಸಲ ಬದಲಾಯ್ತು

ಗದ್ದೆಬದಿ_ಪೊನ್ನಂಪೇಟೆ
ಬೂದು ಫರ್ಗುಸನ್ ಟ್ರ್ಯಾಕ್ಟರ್. ಬೆಳಿಗ್ಗೆ ಗೇರ್ ಲಿವರ್ ಎಸ್‌ಗೆ (ಸ್ಟಾರ್ಟರ್ ಜಾಗ) ತಳ್ಳಿದ ಕೂಡಲೇ ಸ್ಟಾರ್ಟ್. ಗದ್ದೆಗಿಳಿಸಿ ಇಪ್ಪತ್ತು ನಿಮಿಷ ಉತ್ತರೆ ಮಿಸ್ಸಿಂಗ್ ಶುರು, ಸೈಲೆನ್ಸರಿನಲ್ಲಿ ಎರಡು ಸಲ ಡಬ್ ಅಂದು ನಿಂತುಬಿಡ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಹೊರಡ್ತದೆ. ಕಿಡಿ ಬರೋ ಹೊತ್ತಿಗೆ ಕರೆಂಟ್ ಮುರಿಯೋ ಪಾಯಿಂಟ್ ಹೊಸದು, ಪ್ಲಗ್ ಹೊಸದು, ಪಾಯಿಂಟ್ ಸುಡದ ಹಾಗೆ ಕಾಯೋ ಕಂಡೆನ್ಸರ್ ಎರಡನೇದು. ಇನ್ನೇನು ಬದಲಾಯಿಸೋದು? ನಾಟಿ ತಲೆ ಮೇಲಿದೆ. ನಮ್ಮ ಕೆಸರಿಗೆ ಈಗಿನ ಭಾರದ ಗಾಡಿ ಇಳಿಸಿದರೆ ಅಲ್ಲೇ ಹೂತು ಕೂರ್ತದೆ, ಇದೇ ಬೇಕು.

ಹಳೇಕಬ್ಬಿಣ
ಕಂಡೆನ್ಸರ್. ಬಿಸಿಗೆ ಸಾಯೋದು, ತಣ್ಣಗಾದ ಮೇಲೆ ಬದುಕೋದು ಅದರದೇ ಲಕ್ಷಣ. ಈಗ ಬರೋ ಮಾಲು ಡಬ್ಬಿ ಬಿಚ್ಚುವಾಗಲೇ ಸತ್ತಿರ್ತದೆ. ಮೀಟರಿನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು. ಡಿಸ್ಟ್ರಿಬ್ಯೂಟರ್ ಒಳಗಿನದನ್ನು ಬಿಚ್ಚಿಡಿ. ಇನ್ನೊಂದನ್ನು ಹೊರಗೆ ಕಟ್ಟಿ, ವೈರ್ ಕಾಯಿಲಿನ (ಬ್ಯಾಟರಿ ವೋಲ್ಟನ್ನು ಕಿಡಿ ಹಾರೋಷ್ಟು ಏರಿಸೋದು) ಸಿಬಿ ಟರ್ಮಿನಲ್‌ಗೆ, ಅಂದರೆ ಪಾಯಿಂಟ್ ವೈರ್ ಕೂರೋ ಕಡೆಗೆ, ಮೈ ಎಂಜಿನ್ನಿಗೆ. ಹೊರಗಿದ್ದರೆ ಎಂಜಿನ್ ಶಾಖ ತಾಗೋದಿಲ್ಲ.

ನಾಪೋಕ್ಲು_ಫೀಲರ್‌ಗೇಜ್
ಮೊದಲು ಹೋಗಿದ್ದು ಕಿಡಿಯಾ, ಎಣ್ಣೆಯಾ ಅಂತ ಗೊತ್ತಾಗಲಿ. ನಿಂತ ಕೂಡಲೇ, ತಣ್ಣಗಾಗಲು ಬಿಡದೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ದಪ್ಪ ವೈರ್ ಕಿತ್ತು ಅದರ ತುದಿ ಎಂಜಿನ್ ಬ್ಲಾಕಿನಿಂದ 6 ಮಿಮೀ ದೂರ ಹಿಡಿಯಿರಿ. ಒಣ ಇಕ್ಕಳದಲ್ಲಿ ಹಿಡಿಯಿರಿ, ಬರಿಗೈ ಬೇಡ. ನ್ಯೂಟ್ರಲ್ ಮಾಡಿ ಕ್ರ್ಯಾಂಕ್ ಹೊಡೆಸಿ. ನೀಲಿ ಕಿಡಿ ಚಟ್ ಅಂತ ಹಾರಿದರೆ ಇಗ್ನಿಷನ್ ಬಿಟ್ಟು ಕಾರ್ಬ್ಯುರೇಟರ್ ಕಡೆ ಹೋಗಿ. ಹಳದಿ, ತೆಳು, ಇಲ್ಲವೇ ಏನೂ ಇಲ್ಲ ಅಂದರೆ ಇಲ್ಲೇ ಮುಂದುವರಿಯೋಣ.

ಇನ್ನೊಂದು, ಟಿಇಡಿ ಅಂದರೆ ಸೀಮೆಎಣ್ಣೆ ಜಾತಿಯ ಟ್ರ್ಯಾಕ್ಟರ್ ಎಣ್ಣೆಯಲ್ಲಿ (ಟಿವಿಒ) ಓಡೋ ಎಂಜಿನ್. ಈಗ ಯಾವುದರಲ್ಲಿ ಓಡಿಸ್ತಿದ್ದೀರಿ?

ಮೂರ್ನಾಡು_ಗ್ಯಾರೇಜ್
ಪಾಯಿಂಟ್ ಗ್ಯಾಪ್ ಎಷ್ಟಿಟ್ಟಿದ್ದೀರಿ ಅಂತ ಯಾರೂ ಕೇಳಲೇ ಇಲ್ಲವಲ್ಲ. 0.016 ಇಂಚು ಇಡಿ.

ಹಳೇಕಬ್ಬಿಣ
0.016 ಅಲ್ಲ. ಹಳೇ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ 0.010ರಿಂದ 0.012.

ಮೂರ್ನಾಡು_ಗ್ಯಾರೇಜ್
ಲೂಕಾಸಿನದೇ 25ಡಿ ಮಾದರಿಯ ಡಿಸ್ಟ್ರಿಬ್ಯೂಟರಿಗೆ 0.014ರಿಂದ 0.016. ಎಷ್ಟೋ ಫರ್ಗುಸನ್‌ಗಳಲ್ಲಿ ಮೂಲದ್ದು ಸವೆದು ಈಗ 25ಡಿ ಕೂತಿದೆ. ಮೈಮೇಲೆ ಕೊರೆದ ನಂಬರ್ ಓದಿ ಹೇಳಿ, ಸುಮ್ಮನೆ ವಾದ ಬೇಡ.

ಗದ್ದೆಬದಿ_ಪೊನ್ನಂಪೇಟೆ
ಬರೀ ಪೆಟ್ರೋಲ್. ಸೀಮೆಎಣ್ಣೆ ಹಾಕಿಲ್ಲ. ನಿಂತ ಕೂಡಲೇ ನೋಡಿದೆ: ಕಿಡಿ ಹಳದಿ, 2 ಮಿಮೀ ಕೂಡ ಸರಿಯಾಗಿ ಹಾರೋದಿಲ್ಲ. ಕಂಡೆನ್ಸರ್ ಹೊರಗೆ ಕಟ್ಟಿಯೂ ನೋಡಿದೆ, ಅದೇ ಕತೆ. ಗ್ಯಾಪ್ 0.012. ಪಾಯಿಂಟ್ ಹದಿನೈದು ದಿನಕ್ಕೇ ನೀಲಿ ತಿರುಗಿದೆ, ಎಮರಿ ಪೇಪರಿನಲ್ಲಿ ಉಜ್ಜಿದೆ.

ಹಳೇಕಬ್ಬಿಣ
ಹಾಗಾದರೆ ಹೊರಗೆ ಕಟ್ಟಿದ್ದೂ ಸತ್ತದ್ದೇ. ಪಾಯಿಂಟ್ ಸುಡೋದು ಕಂಡೆನ್ಸರ್ ಹೋದರೆ ಮಾತ್ರ. ಮೂರನೇದು ಹಾಕಿ.

ನಾಪೋಕ್ಲು_ಫೀಲರ್‌ಗೇಜ್
ಪಾಯಿಂಟಿಗೆ ಎಮರಿ ಯಾವತ್ತೂ ಬೇಡ. ಅದರ ಹರಳು ಲೋಹದೊಳಗೆ ಕೂತು ಸಂಪರ್ಕ ಕೆಡಿಸ್ತದೆ. ಸಣ್ಣ ಚಪ್ಪಟೆ ಅರ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದ ನಡುವೆ ಎಳೆದು ತೆಗೆಯಿರಿ. ಒಣಗಿದ ಮೇಲೆ ಪಾಯಿಂಟ್ ಮುಚ್ಚಿಟ್ಟು, ಇಗ್ನಿಷನ್ ಆನ್ ಮಾಡಿ, ಸಿಬಿ ಟರ್ಮಿನಲ್ ಮತ್ತು ಬಾಡಿ ನಡುವೆ ವೋಲ್ಟ್ ನೋಡಿ: 0.2ಕ್ಕಿಂತ ಕಡಿಮೆ ಇರಬೇಕು.

ಇನ್ನು ಪಾಯಿಂಟ್ ನೀಲಿ ತಿರುಗೋದಕ್ಕೆ ಇನ್ನೊಂದು ಕಾರಣವಿದೆ, ಕರೆಂಟ್ ಹೆಚ್ಚು ಹರಿಯೋದು. ಕಾಯಿಲ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಯಾವ ಕಾಯಿಲ್? ಎರಡೂ ಸಣ್ಣ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್ ನಡುವೆ ಓಮ್ಸ್ ಎಷ್ಟು? ಗಾಡಿ ನಿಂತಾಗ ಅದರ ಮೇಲೆ ಕೈ ಇಡೋಕೆ ಆಗ್ತದಾ?

ಮ್ಯಾಗ್ನೆಟೋ_ಸಿದ್ದಾಪುರ
ಇದಕ್ಕೇ ನಾನು ಮ್ಯಾಗ್ನೆಟೋದಲ್ಲಿ ತಾನೇ ಕಿಡಿ ಹುಟ್ಟಿಸೋ ಫೋರ್ಡ್‌ಸನ್ ಇ27ಎನ್ ಟ್ರ್ಯಾಕ್ಟರ್ ಬಿಡದೆ ಇಟ್ಟುಕೊಂಡಿರೋದು. ಬ್ಯಾಟರಿ ಬೇಡ, ಕಾಯಿಲ್ ಬೇಡ. ಹ್ಯಾಂಡಲ್ ತಿರುಗಿಸುವಾಗ ಮ್ಯಾಗ್ನೆಟೋಗೆ ಝಟಕಾ ಕೊಡೋ ಇಂಪಲ್ಸ್ ಕಪ್ಲಿಂಗ್ ಟಕ್ ಅಂದರೆ ಕಿಡಿ ಬಂತು ಅಂತಲೇ ಲೆಕ್ಕ.

ಮೂರ್ನಾಡು_ಗ್ಯಾರೇಜ್
ಮಳೆಗಾಲದಲ್ಲಿ ಮ್ಯಾಗ್ನೆಟೋ ವೈಂಡಿಂಗ್ ತೇವ ಕುಡಿದು ಕೂತಾಗ ಆ ಟಕ್ ಮಾತ್ರ ಕೇಳ್ತದೆ, ಕಿಡಿ ಬರೋದಿಲ್ಲ. ರೀವೈಂಡ್ ಮಾಡೋರು ಎಲ್ಲಿ ಸಿಗ್ತಾರೆ ಈಗ? ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಅವರ ನಾಟಿ ನಿಂತಿದೆ.

ಗದ್ದೆಬದಿ_ಪೊನ್ನಂಪೇಟೆ
ಕಾಯಿಲ್ ಹೋದ ವರ್ಷ ಹಾಕಿಸಿದ್ದು, ಅದೂ ಹೊಸದೇ ಅಂತ ಬರೆಯಲಿಲ್ಲ. ಯಾವುದೋ ವ್ಯಾನಿನದ್ದು ಅಂದಿದ್ದರು ಎಲೆಕ್ಟ್ರಿಷಿಯನ್, 12 ವೋಲ್ಟ್ ತಾನೇ. ಅಳೆದರೆ 1.6 ಓಮ್ಸ್. ಕೈ ಇಡೋಕೆ ಆಗೋದೇ ಇಲ್ಲ, ಇವತ್ತು ಮಳೆಹನಿ ಬಿದ್ದು ಚುಂಯ್ ಅಂತು.

ನಾಪೋಕ್ಲು_ಫೀಲರ್‌ಗೇಜ್
ಅಲ್ಲೇ ಇದೆ ರೋಗ. ಅದು ಕರೆಂಟ್ ತಗ್ಗಿಸೋ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಓಡಬೇಕಾದ ಕಾಯಿಲ್. ವ್ಯಾನಿನಲ್ಲಿ ಅದರ ಮುಂದೆ ರೆಸಿಸ್ಟರ್ ಅಥವಾ ರೆಸಿಸ್ಟೆನ್ಸ್ ವೈರ್ ಇರ್ತದೆ, ನಿಮ್ಮ ಫರ್ಗುಸನ್‌ನಲ್ಲಿ ಇಲ್ಲ. ಈ ಗಾಡಿಗೆ ಬೇಕಾದ್ದು 3 ಓಮ್ಸಿನದ್ದು. 12 ವೋಲ್ಟಿಗೆ 3 ಓಮ್ಸ್ ಅಂದರೆ 4 ಆಂಪ್ಸ್. 1.6 ಅಂದರೆ 7.5, ಡೈನಮೋ ಚಾರ್ಜ್ ಮಾಡುವಾಗ ಇನ್ನೂ ಜಾಸ್ತಿ. ಅಷ್ಟು ಕರೆಂಟ್ ಮುರಿದೂ ಮುರಿದೂ ಪಾಯಿಂಟ್ ಸುಡ್ತದೆ. ಕಾಯಿಲ್ ಒಳಗೆ ಕಾದು ಇನ್ಸುಲೇಷನ್ ಸೋರ್ತದೆ, ಕಿಡಿ ಹಳದಿ ಆಗ್ತದೆ, ನಿಲ್ತದೆ. ತಣ್ಣಗಾದರೆ ಮತ್ತೆ ಹಿಡಿಯೋದು ಅದಕ್ಕೇ. ಕಂಡೆನ್ಸರ್ ಎಷ್ಟು ಬದಲಾಯಿಸಿದರೂ ಇದು ಹೋಗೋದಿಲ್ಲ.

3 ಓಮ್ಸಿನ ಕಾಯಿಲ್ ಹಾಕಿ. ಅಂಗಡಿಗೆ ಮೀಟರ್ ಒಯ್ದು ಅಳೆದೇ ತನ್ನಿ, 12 ವೋಲ್ಟ್ ಅಂತ ಎರಡರ ಮೇಲೂ ಬರೆದಿರ್ತದೆ. ಸಿಗದಿದ್ದರೆ ಸ್ವಿಚ್ಚಿನಿಂದ ಬರೋ ವೈರಿಗೆ 1.5 ಓಮ್ಸಿನ ಬ್ಯಾಲಸ್ಟ್ ಸೇರಿಸಬಹುದು. ಆದರೆ ಇಷ್ಟು ಕಾದ ಕಾಯಿಲ್ ಇನ್ನು ನಂಬಿಕೆಗಿಲ್ಲ. ಎಂಜಿನ್ ನಿಂತಾಗ ಸ್ವಿಚ್ ಆನ್ ಬಿಡಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ಮನೆ ಬೇಯ್ತಾ ಇರ್ತದೆ.

ಕೂಡಿಸುವಾಗ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ಪಾಸಿಟಿವ್ ಬಾಡಿಗಿದ್ದರೆ ಡಿಸ್ಟ್ರಿಬ್ಯೂಟರ್ ವೈರ್ ಕಾಯಿಲಿನ ಪ್ಲಸ್‌ಗೆ, ನೆಗೆಟಿವ್ ಇದ್ದರೆ ಮೈನಸ್‌ಗೆ. ತಿರುಗಾ ಆದರೂ ಓಡ್ತದೆ, ಕಿಡಿ ಬಲ ಕಮ್ಮಿ. ಅನುಮಾನ ಇದ್ದರೆ ಪ್ಲಗ್ ವೈರ್ ಮತ್ತು ಪ್ಲಗ್ಗಿನ ನಡುವೆ ಪೆನ್ಸಿಲಿನ ಸೀಸದ ಮೊನೆ ಹಿಡಿಯಿರಿ, ಇದನ್ನೂ ಇಕ್ಕಳದಲ್ಲೇ. ಕಿತ್ತಳೆ ಬಣ್ಣದ ಜ್ವಾಲೆ ಪ್ಲಗ್ ಕಡೆಗೆ ಅರಳಿದರೆ ಸರಿ, ವೈರ್ ಕಡೆಗೆ ಅರಳಿದರೆ ತಿರುಗಾ.

ಹಳೇಕಬ್ಬಿಣ
ಕಾಯಿಲ್ ತಪ್ಪು ಅಂತ ಒಪ್ಪಿದೆ. ಆದರೂ ಈ ಕಾಯಿಲ್ ಜೊತೆ ಓಡಿದ ಪಾಯಿಂಟ್, ಕಂಡೆನ್ಸರ್ ಎರಡನ್ನೂ ತೆಗೀಲೇಬೇಕು. ಪಾಯಿಂಟ್ ತೆರೆಸೋ ಕ್ಯಾಮಿಗೆ ಗ್ರೀಸ್ ಹಚ್ಚಿ, ಅಕ್ಕಿಕಾಳಿನಷ್ಟು ಸಾಕು. ಇಲ್ಲದಿದ್ದರೆ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ತಾನೇ ಮುಚ್ಚಿಕೊಳ್ತದೆ.

ಗದ್ದೆಬದಿ_ಪೊನ್ನಂಪೇಟೆ
3.1 ಓಮ್ಸಿನದ್ದು ಗೋಣಿಕೊಪ್ಪದಲ್ಲಿ ಸಿಕ್ಕಿತು. ಪಾಯಿಂಟ್, ಕಂಡೆನ್ಸರ್ ಕೂಡ ಬದಲಾಯಿಸಿದೆ. ನಿನ್ನೆ ಎರಡೂವರೆ ಗಂಟೆ ನಿಲ್ಲಿಸದೆ ಉತ್ತದ್ದಾಯ್ತು, ಕಾಯಿಲ್ ಮೇಲೆ ಕೈ ಇಡಬಹುದು. ಆದರೆ ರಾತ್ರಿಯಿಡೀ ಮಳೆ, ಇವತ್ತು ಬೆಳಿಗ್ಗೆ ಒಂದು ಕೆಮ್ಮೂ ಇಲ್ಲ. ಕಾಯಿಲ್ ವೈರಿನಲ್ಲಿ ನೀಲಿ ಕಿಡಿ ಇದೆ, ಪ್ಲಗ್ಗಿಗೆ ಬರ್ತಿಲ್ಲ.

ಮೂರ್ನಾಡು_ಗ್ಯಾರೇಜ್
ಕ್ಯಾಪ್ ಅಥವಾ ಅದರೊಳಗೆ ತಿರುಗಿ ಪ್ಲಗ್ಗುಗಳಿಗೆ ಕಿಡಿ ಹಂಚೋ ರೋಟರ್, ಮೂರನೇದಿಲ್ಲ. ಕ್ಯಾಪ್ ತೆಗೆದು, ನಡುವಿನ ವೈರ್ ತುದಿಯನ್ನು ರೋಟರಿನ ಹಿತ್ತಾಳೆಯ ಮೇಲೆ 3 ಮಿಮೀ ಎತ್ತರದಲ್ಲಿ ಹಿಡಿದು ಕ್ರ್ಯಾಂಕ್ ಮಾಡಿ. ಕಿಡಿ ಒಂದರ ಹಿಂದೊಂದು ರೋಟರಿಗೆ ಹಾರಿದರೆ ರೋಟರ್ ಒಳಗಿಂದ ಶಾಫ್ಟಿಗೆ ಸೋರ್ತಿದೆ ಅಂತ ಅರ್ಥ. ಹಾರದಿದ್ದರೆ ರೋಟರ್ ಸರಿ. ಆಮೇಲೆ ಕ್ಯಾಪನ್ನು ಒಲೆಯ ಪಕ್ಕ ಒಣಗಿಸಿ, ಒಳಗೆ ಟಾರ್ಚ್ ಹಾಕಿ ಓರೆಯಾಗಿ ನೋಡಿ. ಕೂದಲಿನಷ್ಟು ತೆಳು ಬೂದು ಗೆರೆ ಕಾಣ್ತದಾ?

ಗಾಡಿ ಮೇಲೆ ಟಾರ್ಪಾಲ್ ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರು ಹಿಡಿದು ತೊಟ್ಟಿಕ್ತದೆ. ನಾಲ್ಕೂ ಕಡೆ ಗಾಳಿ ಆಡಲಿ.

ಗದ್ದೆಬದಿ_ಪೊನ್ನಂಪೇಟೆ
ರೋಟರ್ ಸರಿ ಇದೆ. ಗೆರೆ ಇದೆ: ನಡುವಿನ ಕಾರ್ಬನ್ನಿನಿಂದ ಮೂರನೇ ಸಿಲಿಂಡರಿನ ಮೊಳೆಯವರೆಗೆ, ಅಲ್ಲಿಂದ ಕ್ಯಾಪಿನ ಅಂಚಿಗೆ. ಉಗುರಿನಿಂದ ಕೆರೆದರೆ ಹೋಗೋದಿಲ್ಲ.

ನಾಪೋಕ್ಲು_ಫೀಲರ್‌ಗೇಜ್
ಕ್ಯಾಪ್ ಹೋಯ್ತು, ಕಿಡಿ ಆ ಗೆರೆ ಹಿಡಿದೇ ಸೋರ್ತದೆ. ಚೂಪು ಚಾಕುವಿನಲ್ಲಿ ಗೆರೆ ಪೂರ್ತಿ ಕೆತ್ತಿ ತೆಗೆದು, ಸ್ಪಿರಿಟಿನಲ್ಲಿ ಒರೆಸಿ, ಒಣಗಿದ ಮೇಲೆ ಆ ಜಾಗಕ್ಕೆ ವಾರ್ನಿಷ್ ಹಚ್ಚಿದರೆ ಈ ನಾಟಿ ಮುಗಿಯೋವರೆಗೆ ದಾಟಬಹುದು. ಹೊರಗಡೆ ವೈರ್ ಕೂರೋ ತೂತುಗಳಿಗೆ ಸಿಲಿಕಾನ್ ಗ್ರೀಸ್ ತುಂಬಿ, ನೀರು ಅಲ್ಲಿಂದಲೂ ಇಳೀತದೆ. ವೈರ್ ವಾಪಸ್ ಹಾಕುವಾಗ ರೋಟರ್ ತಿರುಗೋ ದಿಕ್ಕು ಕಣ್ಣಲ್ಲೇ ನೋಡಿಕೊಳ್ಳಿ, ಆ ದಿಕ್ಕಿನಲ್ಲಿ ಸಿಲಿಂಡರ್ ಕ್ರಮ 1-3-4-2.

ಗದ್ದೆಬದಿ_ಪೊನ್ನಂಪೇಟೆ
ಕೆತ್ತಿ ವಾರ್ನಿಷ್ ಹಚ್ಚಿದೆ, ಸ್ಟಾರ್ಟ್ ಆಯ್ತು. ಗದ್ದೆಗೆ ಹೊರಟೆ. ವೈರ್ ಪಕ್ಕದಿಂದ ಬಂದು ಒಳಗಿನಿಂದ ಸ್ಕ್ರೂ ಹಾಕಿ ಹಿಡಿಯೋ ನಮೂನೆಯ ಲೂಕಾಸ್ ಕ್ಯಾಪ್ ಯಾರ ಹತ್ತಿರವಾದರೂ ಇದೆಯಾ? ಹಳೇದಾದರೂ ಸರಿ, ಗೆರೆ ಇರಬಾರದು. ವಿರಾಜಪೇಟೆವರೆಗೆ ಬಂದು ತಗೊಳ್ತೇನೆ.

ಮ್ಯಾಗ್ನೆಟೋ_ಸಿದ್ದಾಪುರ
ಫೋರ್ಡ್‌ಸನ್ ಮ್ಯಾಗ್ನೆಟೋದ ಕ್ಯಾಪ್ ಎರಡು ಇದೆ. ಅದು ಕೂರ್ತದಾ?