ಪುಸ್ತಕದಲ್ಲಿ ನೀರಿನಂಥ ಆಯಿಲ್, ಗ್ಯಾರೇಜಿನಲ್ಲಿ ಜೇನಿನಂಥದ್ದು: ನೀವೆಲ್ಲ ಏನು ಹಾಕುತ್ತೀರಿ?

ಬ್ರಹ್ಮಗಿರಿಯಿಂದ (ಕೇಳಿದವರು):
2021ರ ಟರ್ಬೊ ಪೆಟ್ರೋಲ್ ಕಾರು. 38,000 ಕಿ.ಮೀ. ಆಗಿದೆ, ವಾರಂಟಿ ಮುಗಿದಿದೆ. ದಿನಾ ಉಡುಪಿಯಿಂದ ಮಣಿಪಾಲಕ್ಕೆ ಹೋಗಿ ಬರುವುದು, ಅಷ್ಟೇ. ಕಾರಿನ ಪುಸ್ತಕದಲ್ಲಿ ಇಂಜಿನ್ ಆಯಿಲ್ 0ಡಬ್ಲ್ಯು-20 (ತೆಳು) ಅಂತ ಉಂಟು. ನಮ್ಮ ಗ್ಯಾರೇಜಿನವರು "ಇದು ನೀರು ಮಾರಾಯ್ರೆ, ನಮ್ಮ ಸೆಕೆಗೆ ಆಗುವುದಿಲ್ಲ, ದಪ್ಪದ್ದು, 15ಡಬ್ಲ್ಯು-40 ಹಾಕುವ" ಅಂತಾರೆ. ಆಯಿಲ್ ಫಿಲ್ಟರ್ ಕಂಪನಿಯದ್ದೇ ಬೇಕಾ? ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ:
ಮೊದಲು ನನ್ನ ಕಥೆ ಕೇಳಿ. ನನ್ನದು ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್. ಆಫೀಸು ಪಣಂಬೂರಿನಲ್ಲಿ. ಇಂಜಿನ್ ಬಿಸಿಯಾಗುವಷ್ಟರಲ್ಲಿ ಗೇಟು ಬಂದಿರುತ್ತದೆ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರ ಮಸಿ ಸುಡಲು ಗಾಡಿ ಡೀಸೆಲ್ ಜಾಸ್ತಿ ಹೊಡೆಯುತ್ತದೆ, ನಾನು ಅರ್ಧದಲ್ಲೇ ಆಫ್ ಮಾಡುತ್ತೇನೆ. ಆ ಡೀಸೆಲ್ ಎಲ್ಲಿಗೆ ಹೋಗಬೇಕು? ಇಳಿದು ಆಯಿಲ್‌ಗೆ ಸೇರುತ್ತದೆ. ಒಂದು ದಿನ ಡಿಪ್‌ಸ್ಟಿಕ್ ತೆಗೆದರೆ ಗೆರೆಯಿಂದ ಒಂದು ಬೆರಳು ಮೇಲೆ! ಆಯಿಲ್ ಕಮ್ಮಿಯಾಗುವುದು ಕೇಳಿದ್ದೆ, ಹೆಚ್ಚಾಗುವುದು ನೋಡಿದ್ದು ಮೊದಲ ಸಲ. ಮೂಸಿದರೆ ಬಂಕಿನ ವಾಸನೆ.

ಲೆಕ್ಕ ಹೇಳುತ್ತೇನೆ. ಡಿಪಿಎಫ್ ಲೈಟು ಬಂತು, ಕಂಪ್ಯೂಟರ್ ಹಾಕಿ ಮಸಿ ಸುಟ್ಟದ್ದಕ್ಕೆ 2,800. ಆಯಿಲ್, ಫಿಲ್ಟರ್ ಸೇರಿ 6,450. ಮೂರೇ ತಿಂಗಳಲ್ಲಿ ಅದೇ ಲೈಟು, ಮತ್ತೆ 2,800. ಈ ಸಲ ಸೆನ್ಸರ್ ಕ್ಲೀನಿಂಗ್ ಅಂತ ಇನ್ನೊಂದು 1,150. ಒಟ್ಟು 13,200. ಬಿಲ್ ಎಲ್ಲ ಇಟ್ಟಿದ್ದೇನೆ. ಈಗ ಪ್ರತಿ ಭಾನುವಾರ ಡಿಪಿಎಫ್‌ಗೋಸ್ಕರ ಕುಂದಾಪುರದವರೆಗೆ ಓಡಿಸಿ ಬರುತ್ತೇನೆ. ಬರುವಾಗ ಮಕ್ಕಳಿಗೆ ಉಡುಪಿಯಲ್ಲಿ ಗಡ್‌ಬಡ್ ಆಗಬೇಕು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಕಾರ್ಕಳದಿಂದ:
ಅದಕ್ಕೇ ಹೇಳುವುದು, ಹೊಸ ಇಂಜಿನ್ ಅಂದರೆ ಶೋಕಿ. ನನ್ನ 2004ರ ಡೀಸೆಲ್ ಗಾಡಿ 3,40,000 ಕಿ.ಮೀ. ಓಡಿದೆ. ಇಂಜಿನ್ನಿನ ಹೆಡ್ ಒಮ್ಮೆಯೂ ಬಿಚ್ಚಿಲ್ಲ. 20ಡಬ್ಲ್ಯು-40, ಪೇಟೆಯಲ್ಲಿ ಸಿಕ್ಕಿದ ಫಿಲ್ಟರ್. ಆಗುಂಬೆ ಘಾಟಿಯನ್ನು ಎಷ್ಟು ಸಲ ಹತ್ತಿದೆ ಅಂತ ನನಗೇ ಗೊತ್ತಿಲ್ಲ. ಸೆನ್ಸರೂ ಇಲ್ಲ, ಲೈಟೂ ಇಲ್ಲ.

ಮಣಿಪಾಲದಿಂದ:
ಕಾರ್ಕಳದ ಅಣ್ಣ, ನಿಮ್ಮ ಗಾಡಿ ಹಿಂದೆ ಬೈಕಿನಲ್ಲಿ ಬಂದವರನ್ನು ಕೇಳಿದರೆ ಬೇರೆ ಕಥೆ ಹೇಳಿಯಾರು. ಹೊರಗೆ ಸೆಕೆ ಇದ್ದರೆ ಆಯಿಲ್ ದಪ್ಪ ಬೇಕು ಅನ್ನುವುದು ಹಳೇ ಲೆಕ್ಕ. 0ಡಬ್ಲ್ಯು-20ರಲ್ಲಿ ಆ 20 ಅನ್ನುವ ನಂಬರು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದಕ್ಕೆ. ಬಿಸಿಯಾದ ಇಂಜಿನ್ ಒಳಗೆ ಹೆಚ್ಚುಕಮ್ಮಿ ಅಷ್ಟೇ ಬಿಸಿ ಇರುತ್ತದೆ, ಹೊರಗೆ ಉಡುಪಿಯಾದರೇನು, ಊಟಿಯಾದರೇನು? ಬೇರಿಂಗಿನ ಸಂದು, ಆಯಿಲ್ ಪಂಪು ಎಲ್ಲ ಆ ತೆಳು ಆಯಿಲ್‌ಗೇ ಮಾಡಿದ್ದು.

ನಾನು ಮನೆಯಲ್ಲೇ ಚೇಂಜ್ ಮಾಡುತ್ತೇನೆ. ಮೊದಲ ಸಲ ಆದದ್ದು ಹೇಳಲೇಬೇಕು. ಹಳೇ ಫಿಲ್ಟರ್ ಬಿಚ್ಚಿದೆ, ಅದರ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿತ್ತು. ನೋಡಲಿಲ್ಲ. ಅದರ ಮೇಲೆಯೇ ಹೊಸತು ಕೂರಿಸಿದೆ. ಸ್ಟಾರ್ಟ್ ಮಾಡಿ ಒಳಗೆ ಚಾ ಕುಡಿಯಲು ಹೋದೆ. ಬಂದು ನೋಡಿದರೆ ಅಂಗಳದ ಇಂಟರ್‌ಲಾಕ್ ಪೂರ್ತಿ ಆಯಿಲ್! 3,400 ರೂ. ಸಿಂಥೆಟಿಕ್ ಎರಡು ನಿಮಿಷದಲ್ಲಿ ನೆಲಕ್ಕೆ. ಇಂಜಿನ್ ಬಚಾವಾಯಿತು. ಮರದ ಹೊಟ್ಟು ಎರಡು ಗೋಣಿ, ಸೋಪಿನ ಪುಡಿ ಐದು ಕೆ.ಜಿ. ಹೋಯಿತು, ಕಲೆ ಹೋಗಲಿಲ್ಲ. ನನ್ನ ಹೆಂಡತಿ ಈಗಲೂ ಬಂದ ನೆಂಟರಿಗೆಲ್ಲ ಅದನ್ನು ತೋರಿಸುತ್ತಾಳೆ.

ಫಿಲ್ಟರ್ ಮಾತ್ರ ಒಳ್ಳೆಯದೇ ಹಾಕಿ. ಆಫ್ ಆದ ಮೇಲೆ ಆಯಿಲ್ ವಾಪಸ್ ಇಳಿಯದ ಹಾಗೆ ಅದರೊಳಗೆ ರಬ್ಬರ್ ವಾಲ್ವ್ ಇರುತ್ತದೆ. ಅದು ಕೈಕೊಟ್ಟರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎರಡು ಸೆಕೆಂಡ್ ಕಡಕಡ.

ಬಜ್ಪೆ ಏರ್‌ಪೋರ್ಟ್ ಟ್ಯಾಕ್ಸಿ:
ನಂಬರ್ ಲೆಕ್ಕ ಇರಲಿ ಸರ್, ಡಬ್ಬ ಅಸಲಿಯಾ ಅಂತ ಮೊದಲು ನೋಡಿ. ನಾಲ್ಕು ಲೀಟರಿಗೆ 600 ಕಮ್ಮಿ ಅಂತ ಗುರುತಿನವರೊಬ್ಬರಿಂದ ತಂದು ಹಾಕಿದೆ. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಸಿಳ್ಳೆ ಶುರು, ಆಮೇಲೆ ನೀಲಿ ಹೊಗೆ. ಟರ್ಬೊ ಹೋಯಿತು. ಗಾಡಿಯಲ್ಲಿ ಬೆಂಗಳೂರಿಗೆ ಹೋಗುವ ಗಿರಾಕಿ, ಜಡಿಮಳೆ. ಟೋಯಿಂಗ್ 6,500, ಟರ್ಬೊ 31,000, ಒಂಬತ್ತು ದಿನ ಬಾಡಿಗೆ ಇಲ್ಲ. ಈಗ ಬಿಲ್ ಕೊಡುವ ಅಂಗಡಿಯಿಂದ ಮಾತ್ರ. ಖಾಲಿ ಡಬ್ಬ ತೂತು ಮಾಡಿ ಬಿಸಾಡುತ್ತೇನೆ, ಯಾರೂ ಮತ್ತೆ ತುಂಬಿಸಬಾರದು.

ಕಾರ್ಕಳದಿಂದ:
ಮಣಿಪಾಲದವರೇ, ಹೊಗೆಯ ಮಾತು ಬಿಡಿ. ಅಂಗಳ ತೊಳೆದ ಆಯಿಲ್ ಎಲ್ಲಿಗೆ ಹೋಯಿತು? ಪಕ್ಕದವರ ಬಾವಿಗಾ?

ಮಣಿಪಾಲದಿಂದ:
ಹೊಟ್ಟಿಗೆ ಹೀರಿಸಿ ಗೋಣಿಯಲ್ಲಿ ತುಂಬಿಸಿದ್ದು, ಸರಿಯಾಗಿ ಓದಿ. ನೀವು ತೆಗೆದ ಆಯಿಲ್ ಏನು ಮಾಡುತ್ತೀರಿ?

ಕಾರ್ಕಳದಿಂದ:
ಹಟ್ಟಿಯ ಕಂಬಗಳಿಗೆ ಬಳಿಯುತ್ತೇನೆ. ಗೆದ್ದಲು ಹತ್ತಿರ ಬರುವುದಿಲ್ಲ. ಅಪ್ಪನ ಕಾಲದಿಂದ ಮಾಡುತ್ತಿದ್ದೇವೆ.

ಸುರತ್ಕಲ್‌ನಿಂದ:
ದನ ಕಂಬ ನೆಕ್ಕುವುದಿಲ್ವಾ? ಮತ್ತೆ ಅದೇ ಹಾಲು ಡೇರಿಗೆ! ಡಿಪಿಎಫ್ ಇಟ್ಟು ನಾವು ಹೊಗೆ ಶುದ್ಧ ಮಾಡುವುದು, ನೀವು ಹಟ್ಟಿಯಲ್ಲಿ...

ಕಾರ್ಕಳದಿಂದ:
ನಿಮ್ಮ 13,200ಕ್ಕೆ ನನಗೆ ಒಂದು ಕರು ಬರುತ್ತದೆ.

ಬ್ರಹ್ಮಗಿರಿಯಿಂದ:
ಎಲ್ಲರಿಗೂ ನಮಸ್ಕಾರ. ನಾನು ಕೇಳಿದ್ದು ಪೆಟ್ರೋಲ್ ಕಾರಿನದ್ದು. ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಅಡಿಗೆ ಬಿಳಿ ಬೆಣ್ಣೆಯಂತೆ ಅಂಟಿದ್ದು ಕಂಡಿತು, ಅದು ಎಂತ?

ಮಣಿಪಾಲದಿಂದ:
ಹತ್ತಿರದ ಓಡಾಟ ಅಲ್ವಾ, ಒಳಗಿನ ನೀರಿನ ಪಸೆ ಆರುವುದಿಲ್ಲ. ಒಂದು ದಿನ ದೂರ ಓಡಿಸಿ, ಒರೆಸಿ ನೋಡಿ. ಕೂಲಂಟ್ (ಇಂಜಿನ್ ತಂಪು ಮಾಡುವ ನೀರು) ಕಮ್ಮಿ ಆಗುತ್ತಿದ್ದರೆ ಮಾತ್ರ ಗ್ಯಾರೇಜಿನಲ್ಲಿ ತೋರಿಸಿ. 0ಡಬ್ಲ್ಯು-20 ಹಾಕಿ, 10,000 ಕಿ.ಮೀ. ಆಗುವವರೆಗೆ ಕಾಯಬೇಡಿ, ವರ್ಷಕ್ಕೊಮ್ಮೆ ಬದಲಿಸಿ.

ಬಜ್ಪೆ ಏರ್‌ಪೋರ್ಟ್ ಟ್ಯಾಕ್ಸಿ:
ಕಾರ್ಕಳದ ಅಣ್ಣ, ಒಂದು ಕಂಬಕ್ಕೆ ಎಷ್ಟು ಲೀಟರ್ ಬೇಕು? ನಮ್ಮ ಮನೆಯ ಮಾಡಿನ ಪಕ್ಕಾಸಿಗೂ ಗೆದ್ದಲು ಹಿಡಿದಿದೆ.